ಟಿಸಿಇ ಬಿದ್ದ ಅಂತರ್ಜಲ: ಸಿಸ್-ಡಿಸಿಇಗೆ ಬಂದು ನಿಂತರೆ ಮುಂದೇನು?

ಕೆರೆಯಂಗಳ

ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯುವ ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ, ನೆಲಕ್ಕಿಳಿದು ಅಂತರ್ಜಲ ಸೇರಿದ ಕಡೆ ಲ್ಯಾಕ್ಟೇಟ್ (ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲದ ಲವಣ) ಉಣಿಸಿ ಬ್ಯಾಕ್ಟೀರಿಯಾಗಳಿಂದಲೇ ಶುದ್ಧಿ ಮಾಡಿಸುವ ವಿಧಾನದ ಬಗ್ಗೆ ಈ ಪ್ರಶ್ನೆ. ಟಿಸಿಇ ಒಂದೊಂದೇ ಕ್ಲೋರಿನ್ ಕಳಕೊಂಡು ಸಿಸ್-ಡಿಸಿಇ (ಡೈಕ್ಲೋರೋಎಥಿಲೀನ್), ಆಮೇಲೆ ವಿನೈಲ್ ಕ್ಲೋರೈಡ್, ಕಡೆಗೆ ಕ್ಲೋರಿನ್ ಇಲ್ಲದ ಎಥಿಲೀನ್ ಆಗಬೇಕು. ಚರ್ಚೆಗೆ ಅನುಕೂಲವಾಗಲಿ ಅಂತ ಒಂದು ಲೆಕ್ಕ ಇಟ್ಟುಕೊಳ್ಳೋಣ. ಶುರುವಿನಲ್ಲಿ ಟಿಸಿಇ ಲೀಟರಿಗೆ 5 ಮಿ.ಗ್ರಾಂ. 10 ತಿಂಗಳು ಲ್ಯಾಕ್ಟೇಟ್ ಬಿಟ್ಟ ಮೇಲೆ ಟಿಸಿಇ ಪತ್ತೆಯಿಲ್ಲ. ಸಿಸ್-ಡಿಸಿಇ 3.3 ಮಿ.ಗ್ರಾಂ, ವಿನೈಲ್ ಕ್ಲೋರೈಡ್ 0.12, ಎಥಿಲೀನ್ 0.03. ಸಲ್ಫೇಟ್ 60 ಇದ್ದದ್ದು 38ಕ್ಕೆ ಇಳಿದಿದೆ. ಪಿಎಚ್ 5.9. ಕಳೆದ ಮೂರು ಸುತ್ತಿನ ಮಾದರಿಗಳಲ್ಲೂ ಅಂಕಿಗಳು ಅಲ್ಲೇ ನಿಂತಿವೆ.

ಇಂಥ ವರದಿ ಕೈಗೆ ಬಂದಾಗ ಮೊದಲು ಏನು ನೋಡಬೇಕು? ಲ್ಯಾಕ್ಟೇಟ್ ಹೆಚ್ಚಿಸೋದೋ, ಹೊರಗಿನಿಂದ ಬ್ಯಾಕ್ಟೀರಿಯಾ ತಂದು ಬಿಡೋದೋ, ಇನ್ನೂ ಕಾಯೋದೋ?

ಲ್ಯಾಬ್‌ಬೆಂಚು

ಮೊದಲ ಕೆಲಸ, ಮಿಲಿಗ್ರಾಂ ಬಿಟ್ಟು ಮೋಲ್‌ಗೆ, ಅಂದರೆ ಅಣುಗಳ ಎಣಿಕೆಗೆ ಬನ್ನಿ. ಮಿಲಿಗ್ರಾಂನಲ್ಲಿ ಕೂಡಿದರೆ 5 ಇದ್ದದ್ದು 3.45 ಆಗಿದೆ, ಸುಮಾರು 31 ಪರ್ಸೆಂಟ್ ಕಮ್ಮಿಯಾಯ್ತು ಅನಿಸುತ್ತೆ. ಅದು ನಿಜವಲ್ಲ. ಟಿಸಿಇ ಅಣುತೂಕ 131.4, ಸಿಸ್-ಡಿಸಿಇ 96.9, ವಿನೈಲ್ ಕ್ಲೋರೈಡ್ 62.5, ಎಥಿಲೀನ್ 28. ಭಾಗಿಸಿ ನೋಡಿ: ಶುರುವಿನ ಟಿಸಿಇ 38 ಮೈಕ್ರೋಮೋಲ್. ಈಗಿರೋದು ಡಿಸಿಇ 34, ವಿನೈಲ್ ಕ್ಲೋರೈಡ್ 1.9, ಎಥಿಲೀನ್ 1.1, ಒಟ್ಟು 37. ಅಣುಗಳ ಸಂಖ್ಯೆ ಹೆಚ್ಚುಕಮ್ಮಿ ಹಾಗೇ ಇದೆ. ಟಿಸಿಇಯ ಮೂರು ಕ್ಲೋರಿನ್‌ಗಳಲ್ಲಿ ಒಂದು ಉದುರಿದೆ, ಅಷ್ಟೇ. ಒಂದೊಂದು ಅಣುವಿನ ಮೇಲೆ ಸರಾಸರಿ ಉಳಿದಿರುವ ಕ್ಲೋರಿನ್ ಲೆಕ್ಕ ಹಾಕಿದರೆ 3 ಇದ್ದದ್ದು 1.89ಕ್ಕೆ ಬಂದಿದೆ. ಗ್ರಾಫ್ ಹಾಕೋದಾದರೆ ಈ ಒಂದು ಅಂಕಿಯನ್ನೇ ತಿಂಗಳುವಾರು ಹಾಕಿ. ಇಳಿತಾ ಇದ್ದರೆ ಕೆಲಸ ನಡೀತಿದೆ, ಗೆರೆ ಮಟ್ಟಸವಾದರೆ ನಿಂತಿದೆ.

ಮೋಲ್ ಲೆಕ್ಕ ತಾಳೆಯಾಗಿದೆ ಅನ್ನೋದೂ ಮುಖ್ಯ. ಒಟ್ಟು ಮೊತ್ತ 37ರ ಬದಲು 15 ಬಂದಿದ್ದರೆ ಅದು ಬ್ಯಾಕ್ಟೀರಿಯಾ ಕೆಲಸ ಆಗಿರಲೇಬೇಕು ಅಂತಿಲ್ಲ. ನೀವು ಬಿಟ್ಟ ದ್ರಾವಣದಿಂದಲೇ ಬಾವಿಯ ನೀರು ತೆಳುವಾಗಿರಬಹುದು, ಮಾದರಿ ತುಂಬುವಾಗ ಅನಿಲ ಹಾರಿಹೋಗಿರಬಹುದು.

ಇನ್ನೊಂದು ಮಾತು, ಗಾಬರಿಪಡಿಸೋಕೆ ಅಲ್ಲ. ಕುಡಿಯುವ ನೀರಿನಲ್ಲಿ ವಿನೈಲ್ ಕ್ಲೋರೈಡ್‌ಗೆ ಅಮೆರಿಕದ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ, ಟಿಸಿಇಗೆ 5. ಇಲ್ಲಿರೋದು 120, ಮಿತಿಯ 60 ಪಟ್ಟು. ಟಿಸಿಇ ಸೊನ್ನೆಯಾಯ್ತು ಅಂತ ವರದಿಯ ಮೊದಲ ಪುಟದಲ್ಲಿ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ.

ಅಣುಜೀವಿ

ಬೆಂಚು ಸರ್ ಹೇಳಿದ್ದಕ್ಕೆ ಕಾರಣ ಬ್ಯಾಕ್ಟೀರಿಯಾಗಳ ಕೆಲಸ ಹಂಚಿಕೆಯಲ್ಲಿದೆ. ಟಿಸಿಇಯಿಂದ ಸಿಸ್-ಡಿಸಿಇವರೆಗಿನ ಹೆಜ್ಜೆ ಹಾಕೋರು ಬಹಳ ಜನ: ಡೀಹ್ಯಾಲೋಬ್ಯಾಕ್ಟರ್, ಡೀಸಲ್ಫಿಟೋಬ್ಯಾಕ್ಟೀರಿಯಂ, ಸಲ್ಫ್ಯುರೋಸ್ಪಿರಿಲಮ್, ಜಿಯೋಬ್ಯಾಕ್ಟರ್‌ನಲ್ಲಿ ಕೆಲವು ಜಾತಿ. ಇವರಲ್ಲಿ ಯಾರಾದರೂ ಒಬ್ಬರು ಬಹಳ ಕಡೆ ಮಣ್ಣಲ್ಲಿ ಸಿಗ್ತಾರೆ. ಸಿಸ್-ಡಿಸಿಇಯಿಂದ ವಿನೈಲ್ ಕ್ಲೋರೈಡ್, ಅಲ್ಲಿಂದ ಎಥಿಲೀನ್‌ಗೆ ಉಸಿರಾಟವಾಗಿಯೇ ದಾಟಿಸೋರು ಬೆರಳೆಣಿಕೆ. ಮುಖ್ಯವಾಗಿ ಡೀಹ್ಯಾಲೋಕಾಕಾಯ್ಡಿಸ್, ಜೊತೆಗೆ ಡೀಹ್ಯಾಲೋಜೆನಿಮೋನಾಸ್‌ನಲ್ಲಿ ಕೆಲವು. ಡೀಹ್ಯಾಲೋಕಾಕಾಯ್ಡಿಸ್ ತಳಿ 195ನ್ನು ಕಾರ್ನೆಲ್ ವಿಶ್ವವಿದ್ಯಾಲಯದವರು 1997ರಲ್ಲಿ ಬೇರ್ಪಡಿಸಿ ವರದಿ ಮಾಡಿದರು. ಆ ಜಾತಿಗೆ 2013ರಲ್ಲಿ ಪರಿಸರ ಎಂಜಿನಿಯರ್ ಪೆರಿ ಮೆಕಾರ್ಟಿಯವರ ಗೌರವಾರ್ಥ ಮೆಕಾರ್ಟಿಯೈ ಅಂತ ಹೆಸರಿಟ್ಟರು.

ಇದರಷ್ಟು ಕಟ್ಟುನಿಟ್ಟಿನ ಜೀವಿ ಅಪರೂಪ. ಉಸಿರಾಡಲು ಕ್ಲೋರಿನ್ ಇರುವ ಸಂಯುಕ್ತವೇ ಬೇಕು. ಶಕ್ತಿಗೆ ಹೈಡ್ರೋಜನ್ನೇ ಬೇಕು, ಮೈ ಕಟ್ಟಲು ಅಸಿಟೇಟೇ ಬೇಕು. ಬಿ12 ವಿಟಮಿನ್ ತಾನೇ ಮಾಡಿಕೊಳ್ಳಲ್ಲ, ನೆರೆಹೊರೆಯ ಬ್ಯಾಕ್ಟೀರಿಯಾಗಳಿಂದ ಪಡೀಬೇಕು. ಆಮ್ಲಜನಕ ತಗುಲಿದರೆ ಸಾಯುತ್ತೆ. ಅದಕ್ಕೇ ಒಂಟಿಯಾಗಿ ಬದುಕಲ್ಲ, ಲ್ಯಾಕ್ಟೇಟ್ ಹುದುಗಿಸಿ ಹೈಡ್ರೋಜನ್ ಕೊಡುವವರ ಮಧ್ಯೆಯೇ ಬದುಕುತ್ತೆ.

ಕೆರೆಯಂಗಳದವರು ಕೊಟ್ಟ ವರದಿಯ ಚಿತ್ರಕ್ಕೆ ಪಾಠದಂಥ ಉದಾಹರಣೆ ಅಮೆರಿಕದ ಡೆಲವೇರ್ ರಾಜ್ಯದ ಡೋವರ್ ವಾಯುನೆಲೆ. 1990ರ ದಶಕದ ಕೊನೆಯಲ್ಲಿ ಅಲ್ಲಿ 12 ಮೀಟರ್‌ಗೆ 18 ಮೀಟರ್ ಜಾಗದಲ್ಲಿ ಲ್ಯಾಕ್ಟೇಟ್ ಉಣಿಸಿದರು. 269ನೇ ದಿನಕ್ಕೆ ಟಿಸಿಇ ಎಲ್ಲಾ ಸಿಸ್-ಡಿಸಿಇ ಆಗಿತ್ತು, ವಿನೈಲ್ ಕ್ಲೋರೈಡೂ ಇಲ್ಲ, ಎಥಿಲೀನೂ ಇಲ್ಲ. ಆಗ ಫ್ಲೋರಿಡಾದ ಪಿನೆಲಸ್‌ನಿಂದ ತಂದು ಬೆಳೆಸಿದ ಬ್ಯಾಕ್ಟೀರಿಯಾಗಳ ಮಿಶ್ರ ಕಲ್ಚರನ್ನು ಎರಡು ಕಂತಿನಲ್ಲಿ ಬಿಟ್ಟರು. ಸುಮಾರು 90 ದಿನ ಏನೂ ಕಾಣಲಿಲ್ಲ. ಆಮೇಲೆ ವಿನೈಲ್ ಕ್ಲೋರೈಡ್ ತಲೆ ಎತ್ತಿತು, ಅದರ ಹಿಂದೆಯೇ ಎಥಿಲೀನ್ ಬಂತು. 509ನೇ ದಿನಕ್ಕೆ ಟಿಸಿಇ, ಡಿಸಿಇ ಪೂರ್ತಿ ಎಥಿಲೀನ್ ಆಗಿದ್ದವು. ಆ 90 ದಿನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆದರೆ ಒಂದು ವ್ಯತ್ಯಾಸ ಗಮನಿಸಿ. ಡೋವರ್‌ನಲ್ಲಿ ಎಥಿಲೀನ್ ಇರಲೇ ಇಲ್ಲ. ಈ ವರದಿಯಲ್ಲಿ 0.03 ಇದೆ. ಅಂದರೆ ಸರಿಯಾದ ಜೀವಿ ಎಲ್ಲೋ ಮೂಲೆಯಲ್ಲಿ ಇದೆ, ಹಸಿದಿದೆ ಇಲ್ಲವೇ ಹುಳಿಯಲ್ಲಿ ಸಿಕ್ಕಿಬಿದ್ದಿದೆ.

ಕೆರೆಯಂಗಳ

ಹಸಿದಿದೆ ಅನ್ನೋದಾದರೆ ಲ್ಯಾಕ್ಟೇಟ್ ಹೆಚ್ಚಿಸೋದೇ ದಾರಿ ಅಲ್ವಾ ಮೇಡಂ?

ಕಲ್ಲುನೀರು

ಹೆಚ್ಚಿಸೋ ಮುಂಚೆ ಯಾರ ಹೊಟ್ಟೆಗೆ ಎಷ್ಟು ಹೋಗ್ತಿದೆ ನೋಡಿ. 10 ಮೀ. ಅಗಲ, 10 ಮೀ. ಉದ್ದ, 5 ಮೀ. ದಪ್ಪದ ಮರಳು ಪದರ ಅಂತ ಇಟ್ಟುಕೊಳ್ಳಿ. ರಂಧ್ರ 25 ಪರ್ಸೆಂಟ್ ಇದ್ದರೆ ಅದರೊಳಗಿನ ನೀರು 125 ಘನ ಮೀಟರ್, ಅಂದರೆ 1,25,000 ಲೀಟರ್.

ಅದರಲ್ಲಿರುವ ಟಿಸಿಇ 625 ಗ್ರಾಂ. 1 ಗ್ರಾಂ ಹೈಡ್ರೋಜನ್ 21.9 ಗ್ರಾಂ ಟಿಸಿಇಯನ್ನು ಎಥಿಲೀನ್ ಮಾಡುತ್ತೆ. ಹಾಗಾಗಿ ಬೇಕಾದ ಹೈಡ್ರೋಜನ್ 28.5 ಗ್ರಾಂ. ಇಷ್ಟೇನಾ ಅನಿಸುತ್ತೆ. ಈಗ ಪೈಪೋಟಿಗೆ ಕೂತವರನ್ನು ನೋಡಿ. ಕರಗಿದ ಆಮ್ಲಜನಕ 4 ಮಿ.ಗ್ರಾಂ ಇದ್ದರೆ ಒಟ್ಟು 500 ಗ್ರಾಂ, 8 ಗ್ರಾಂಗೆ 1 ಗ್ರಾಂ ಹೈಡ್ರೋಜನ್ ಪ್ರಕಾರ ಅದು ತಿನ್ನೋದು 62.5 ಗ್ರಾಂ. ನೈಟ್ರೇಟ್ 45 ಮಿ.ಗ್ರಾಂ ಇಟ್ಟುಕೊಳ್ಳೋಣ, ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಿತಿ ಅದು, ನಮ್ಮ ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತೆ. ಅದಕ್ಕೆ 12.4ಕ್ಕೆ 1ರಂತೆ 454 ಗ್ರಾಂ. ಸಲ್ಫೇಟ್ 60 ಮಿ.ಗ್ರಾಂ, 12ಕ್ಕೆ 1ರಂತೆ 625 ಗ್ರಾಂ. ಒಟ್ಟು 1,170 ಗ್ರಾಂ ಹೈಡ್ರೋಜನ್ ಬೇಕು, ಅದರಲ್ಲಿ ಟಿಸಿಇ ಪಾಲು 2.4 ಪರ್ಸೆಂಟ್. ಮಣ್ಣಿನ ಫೆರಿಕ್ ಕಬ್ಬಿಣ, ಮೀಥೇನ್ ಮಾಡುವವರ ಪಾಲು ಇದಕ್ಕೆ ಸೇರಿಲ್ಲ.

ಲ್ಯಾಕ್ಟೇಟ್ ಪೂರ್ತಿ ಉಪಯೋಗವಾದರೆ 7.4 ಗ್ರಾಂಗೆ 1 ಗ್ರಾಂ ಹೈಡ್ರೋಜನ್ ಲೆಕ್ಕ. ಅಂದರೆ 8.7 ಕಿಲೋ. ಮೂರು ಪಟ್ಟು ಹಿಡಿದರೆ 26 ಕಿಲೋ. ಮಾರುಕಟ್ಟೆಯಲ್ಲಿ ಸಿಗುವ 60 ಪರ್ಸೆಂಟ್ ಸೋಡಿಯಂ ಲ್ಯಾಕ್ಟೇಟ್ ದ್ರಾವಣದಲ್ಲಿ ಕಿಲೋಗೆ 0.48 ಕಿಲೋ ಲ್ಯಾಕ್ಟೇಟ್ ಇರುತ್ತೆ, ಹಾಗಾಗಿ ಹತ್ತಿರ ಹತ್ತಿರ 55 ಕಿಲೋ ದ್ರಾವಣ.

ಇಲ್ಲಿಗೆ ನಿಲ್ಲಿಸಿದರೆ ತಪ್ಪಾಗುತ್ತೆ, ಯಾಕಂದರೆ ನೀರು ನಿಂತಿಲ್ಲ. ನೀರು ಹರಿಸುವ ಗುಣಾಂಕ ದಿನಕ್ಕೆ 1 ಮೀ., ಇಳಿಜಾರು ಸಾವಿರಕ್ಕೆ 5 ಇದ್ದರೆ 50 ಚದರ ಮೀಟರ್ ಅಡ್ಡಕೊಯ್ತದಲ್ಲಿ ದಿನಕ್ಕೆ 0.25 ಘನ ಮೀಟರ್, ವರ್ಷಕ್ಕೆ 91 ಘನ ಮೀಟರ್ ಹೊಸ ನೀರು ಒಳಗೆ ಬರುತ್ತೆ. ಒಳಗಿನ ನೀರಿನ ಮುಕ್ಕಾಲು ಪಾಲು ವರ್ಷಕ್ಕೊಮ್ಮೆ ಬದಲಾದ ಹಾಗೆ. ಆ ಹೊಸ ನೀರು ಹೊಸ ನೈಟ್ರೇಟ್, ಹೊಸ ಸಲ್ಫೇಟ್ ಹೊತ್ತುಕೊಂಡೇ ಬರುತ್ತೆ. 10 ತಿಂಗಳಾದ ಮೇಲೂ ಸಲ್ಫೇಟ್ 38 ಇದೆ ಅಂದರೆ ಆ ಪದರದ ಎಲ್ಲ ಕಡೆಗೂ ಉಣಿಸು ತಲುಪಿಲ್ಲ, ಇಲ್ಲವೇ ತಲುಪಿದ್ದು ಕೆಲವೇ ವಾರಕ್ಕೆ ಮುಗಿದಿದೆ.

ಅಣುಜೀವಿ

ಕಲ್ಲುನೀರು ಅವರ ಲೆಕ್ಕಕ್ಕೆ ಒಂದು ತಿದ್ದುಪಡಿ. ಲ್ಯಾಕ್ಟೇಟ್ ಪೂರ್ತಿ ಹೈಡ್ರೋಜನ್ ಆಗಲ್ಲ. ಹುದುಗಿದಾಗ ಒಂದು ಅಣುವಿಗೆ ಎರಡು ಹೈಡ್ರೋಜನ್, ಒಂದು ಅಸಿಟೇಟ್ ಬರುತ್ತೆ. ಉಳಿದ ನಾಲ್ಕು ಹೈಡ್ರೋಜನ್‌ನಷ್ಟು ಎಲೆಕ್ಟ್ರಾನ್ ಅಸಿಟೇಟ್‌ನಲ್ಲೇ ಕೂತಿರುತ್ತೆ. ಆ ಅಸಿಟೇಟನ್ನು ಕಬ್ಬಿಣ, ಸಲ್ಫೇಟ್ ಉಸಿರಾಡುವವರು ಬಳಸಿಕೊಳ್ತಾರೆ, ಡೀಹ್ಯಾಲೋಕಾಕಾಯ್ಡಿಸ್‌ಗೆ ಅದರಿಂದ ಉಸಿರಾಟದ ಶಕ್ತಿ ಸಿಗಲ್ಲ. ಆದ್ದರಿಂದ ಆ ಮೂರು ಪಟ್ಟು ಅನ್ನೋದು ಧಾರಾಳವೇನಲ್ಲ, ಅಗತ್ಯ.

ಹಾಗಂತ ಹತ್ತಿಪ್ಪತ್ತು ಪಟ್ಟು ಒಮ್ಮೆಲೇ ಸುರಿದರೆ ಹೈಡ್ರೋಜನ್ ಮಟ್ಟ ಏರಿ ಮೀಥೇನ್ ಮಾಡುವವರಿಗೆ ಹಬ್ಬ, ಪಿಎಚ್ ಕುಸಿತ, ಬಾವಿಯ ಜಾಲರಿ ಲೋಳೆಯಿಂದ ಕಟ್ಟಿಕೊಳ್ಳೋದು ಬೇರೆ. ಡೀಹ್ಯಾಲೋಕಾಕಾಯ್ಡಿಸ್ ಬಹಳ ಕಡಿಮೆ ಹೈಡ್ರೋಜನ್‌ನಲ್ಲೂ ಬದುಕಬಲ್ಲದು, ಮೀಥೇನ್ ಮಾಡುವವರಿಗೆ ಅದು ಸಾಲಲ್ಲ. ನಿಧಾನವಾಗಿ, ಸತತವಾಗಿ ಹೈಡ್ರೋಜನ್ ಬಿಡುವ ಉಣಿಸೇ ಒಳ್ಳೇದು ಅನ್ನೋದಕ್ಕೆ ಇದೇ ಕಾರಣ. ಸೋಯಾ ಎಣ್ಣೆಯ ಎಮಲ್ಷನ್ ಎರಡು ಮೂರು ವರ್ಷ ಬರುತ್ತೆ, ಲ್ಯಾಕ್ಟೇಟ್ ಕೆಲವು ವಾರ. ಎಣ್ಣೆ ಹನಿ 1 ಮೈಕ್ರಾನ್ ಆಸುಪಾಸು ಇರಬೇಕು. ಡ್ರಮ್ಮಿನಲ್ಲಿ ಅಡುಗೆ ಎಣ್ಣೆ, ಲೆಸಿಥಿನ್ ಹಾಕಿ ಕೋಲಲ್ಲಿ ಕದಡಿದರೆ ಅಷ್ಟು ಸಣ್ಣ ಹನಿ ಆಗಲ್ಲ. ದಪ್ಪ ಹನಿಗಳು ಬಾವಿಯ ಬಾಯಲ್ಲೇ ನಿಂತು ಮುಚ್ಚಿಬಿಡ್ತವೆ.

ತೂಬು

ಕಾಕಂಬಿ ಬಗ್ಗೆ ಯಾರಾದರೂ ಕೇಳೇ ಕೇಳ್ತಾರೆ, ಮಂಡ್ಯದ ಕಡೆ ಅಗ್ಗಕ್ಕೆ ಸಿಗುತ್ತೆ. ಹೊರದೇಶಗಳಲ್ಲಿ ಬಳಸಿದ್ದಾರೆ, ಕೆಲಸ ಮಾಡುತ್ತೆ. ಆದರೆ ಸಕ್ಕರೆ ಹುದುಗಿದರೆ ಆಮ್ಲ ಜಾಸ್ತಿ. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲು ತಿಳಿ ಮಾಡೋಕೆ ಗಂಧಕದ ಹೊಗೆ ಹಾಯಿಸೋದರಿಂದ ಕಾಕಂಬಿಯಲ್ಲಿ ಸಲ್ಫರ್ ಇರುತ್ತೆ, ಪೈಪೋಟಿಗೆ ಇನ್ನೊಬ್ಬನನ್ನು ನಾವೇ ಕರೆದು ಕೂರಿಸಿದ ಹಾಗೆ. ಪಿಎಚ್ 5.9 ಇರುವ ಈ ಜಾಗಕ್ಕಂತೂ ಬೇಡ.

ಪಿಎಚ್ ಬಗ್ಗೆ ಹೇಳಲೇಬೇಕಾದ್ದು: ಆ 5.9 ಬಾವಿಯ ಹತ್ತಿರ ಅಳೆದದ್ದೋ, ಲ್ಯಾಬಲ್ಲೋ? ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತೆ. ಬಾಟಲಿಯಲ್ಲಿ ಲ್ಯಾಬ್‌ಗೆ ಹೋಗುವಷ್ಟರಲ್ಲಿ ಅದು ಹಾರಿ ಪಿಎಚ್ ಮೇಲೇರುತ್ತೆ. ಲ್ಯಾಬ್ ಅಂಕಿ 5.9 ಆದರೆ ಒಳಗೆ ಅದಕ್ಕಿಂತ ಹುಳಿ ಇದೆ ಅಂತಲೇ ತಿಳ್ಕೊಳ್ಳಿ.

ಸರಿಯಾದ ವಿಧಾನ ಹೀಗೆ. ಪಂಪಿನ ಬಾಯಿ ಜಾಲರಿಯ ನಡುಮಧ್ಯಕ್ಕೆ ಇಳಿಸಿ. ನಿಮಿಷಕ್ಕೆ 100ರಿಂದ 500 ಮಿ.ಲೀ. ಮೀರದ ಹಾಗೆ ಎಳೀರಿ, ಬಾವಿಯ ನೀರಿನ ಮಟ್ಟ 10 ಸೆಂ.ಮೀ.ಗಿಂತ ಕುಸಿಯಬಾರದು. ನೀರು ಗಾಳಿ ಮುಟ್ಟದೆ ಮುಚ್ಚಿದ ಫ್ಲೋ ಸೆಲ್ (ಮೀಟರಿನ ಕಡ್ಡಿಗಳು ಕೂರುವ ಡಬ್ಬಿ) ಮೂಲಕ ಹಾದು ಹೋಗಲಿ. ಮೂರರಿಂದ ಐದು ನಿಮಿಷಕ್ಕೊಮ್ಮೆ ಓದಿ ಬರೆದುಕೊಳ್ಳಿ. ಸತತ ಮೂರು ಓದುಗಳಲ್ಲಿ ಪಿಎಚ್ 0.1, ವಾಹಕತೆ 3 ಪರ್ಸೆಂಟ್, ಓಆರ್‌ಪಿ (ನೀರಿನ ಆಕ್ಸಿಡೀಕರಣ-ಅಪಕರ್ಷಣ ವಿಭವ) 10 ಮಿಲಿವೋಲ್ಟ್ ಒಳಗೆ ನಿಂತರೆ ಆಗ ಮಾದರಿ ಹಿಡೀರಿ. ಬೇಲರ್ (ಹಗ್ಗಕ್ಕೆ ಕಟ್ಟಿ ನೀರೆತ್ತುವ ಕೊಳವೆ) ಇಳಿಸಿ ದಬದಬ ಎತ್ತಿದ ನೀರಿನಲ್ಲಿ ಆಮ್ಲಜನಕ 3 ಬಂತು ಅಂದರೆ ಅದು ನೆಲದ ಆಮ್ಲಜನಕ ಅಲ್ಲ, ಬಕೆಟ್ಟಿನದು.

ಮಾದರಿಗೆ 40 ಮಿ.ಲೀ. ಗಾಜಿನ ವಯಲ್. ಹೈಡ್ರೋಕ್ಲೋರಿಕ್ ಆಸಿಡ್ ಹನಿ ಮೊದಲೇ ಹಾಕಿರುತ್ತೆ, ತೊಳೀಬೇಡಿ, ಉಕ್ಕಿಸಿ ಚೆಲ್ಲಬೇಡಿ. ಕೊಳವೆಯನ್ನು ಗೋಡೆಗೆ ತಾಗಿಸಿ ಸದ್ದಿಲ್ಲದೆ ತುಂಬಿಸಿ, ನೀರು ಬಾಯಿಯ ಮೇಲೆ ಗುಮ್ಮಟದ ಹಾಗೆ ಉಬ್ಬಿ ನಿಲ್ಲಬೇಕು. ಮುಚ್ಚಳದ ಟೆಫ್ಲಾನ್ ಮುಖ ನೀರಿನ ಕಡೆಗೆ. ಬಿಗಿ ಮಾಡಿ, ತಲೆಕೆಳಗು ಮಾಡಿ, ಅಂಗೈಗೆ ಎರಡು ಸಲ ಬಡೀರಿ. ಗುಳ್ಳೆ ಎದ್ದರೆ ಆ ವಯಲ್ ಬಿಸಾಕಿ ಬೇರೆ ತುಂಬಿಸಿ, ಅದಕ್ಕೇ ಮತ್ತೆ ನೀರು ಸೇರಿಸೋಕೆ ಹೋಗಬೇಡಿ. ಕಾರ್ಬೊನೇಟ್ ಜಾಸ್ತಿ ಇರುವ ನೀರು ಆಸಿಡ್‌ಗೆ ನೊರೆ ಬಂದು ಗುಳ್ಳೆ ಕಟ್ಟುತ್ತೆ. ಅಂಥ ಕಡೆ ಆಸಿಡ್ ಇಲ್ಲದ ವಯಲ್ ತಗೊಂಡು, 14 ದಿನದ ಬದಲು 7 ದಿನದೊಳಗೆ ಪರೀಕ್ಷೆ ಮಾಡಿಸಿ.

ಲ್ಯಾಬ್‌ಬೆಂಚು

ತೂಬು ಅವರ ಮಾತಿಗೆ ಸೇರಿಸೋದು ಎರಡೇ. ಸಾಮಾನ್ಯ ವಿಒಸಿ (ಬೇಗ ಆವಿಯಾಗುವ ಸಾವಯವ ಸಂಯುಕ್ತ) ಪರೀಕ್ಷೆಯಲ್ಲಿ ಎಥಿಲೀನ್, ಎಥೇನ್, ಮೀಥೇನ್ ಬರಲ್ಲ. ಅವು ಕರಗಿದ ಅನಿಲದ ಬೇರೆ ಪರೀಕ್ಷೆ, ಬೇರೆ ವಯಲ್, ಮೊದಲೇ ಬರೆದು ಕೇಳಬೇಕು. ಕೇಳದಿದ್ದರೆ ಕ್ಲೋರಿನ್ ಎಲ್ಲ ಕಳಚಿಕೊಂಡು ಹೋದದ್ದಕ್ಕೆ ಸಾಕ್ಷಿಯೇ ಇಲ್ಲದ ಹಾಗಾಗುತ್ತೆ. ಎರಡನೇದು, ಓಆರ್‌ಪಿ ಮೀಟರಿನ ಅಂಕಿ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡಿನದ್ದು. ಪುಸ್ತಕದ ಕೋಷ್ಟಕಕ್ಕೆ ಹೋಲಿಸುವಾಗ ಸುಮಾರು 200 ಮಿಲಿವೋಲ್ಟ್ ಕೂಡಿಸಬೇಕು. ಯಾವ ಎಲೆಕ್ಟ್ರೋಡ್ ಅಂತ ವರದಿಯಲ್ಲಿ ಬರೆಯದೆ ಇರೋದೇ ಜಾಸ್ತಿ.

ಅಣುಜೀವಿ

ಈಗ ಪಿಎಚ್‌ಗೆ ಬರೋಣ, ನನ್ನ ಮಟ್ಟಿಗೆ ಈ ವರದಿಯಲ್ಲಿ ಮೊದಲ ಅನುಮಾನ ಅದರ ಮೇಲೆಯೇ. ಡೀಹ್ಯಾಲೋಕಾಕಾಯ್ಡಿಸ್‌ಗೆ 7ರ ಆಸುಪಾಸು ಹಿತ. 6ರ ಕೆಳಗೆ ಕೆಲಸ ಸೊರಗುತ್ತಾ ಹೋಗುತ್ತೆ, 5.5ರಲ್ಲಿ ನಿಂತ ಹಾಗೆಯೇ. ಟಿಸಿಇಯನ್ನು ಡಿಸಿಇ ಮಾಡುವ ಬೇರೆ ಕೆಲವರು ಆ ಹುಳಿಯಲ್ಲೂ ನಡೆಸ್ತಾರೆ. ಹೀಗಾಗಿ ಹುಳಿ ನೀರಿನಲ್ಲಿ ಟಿಸಿಇ ಮಾಯವಾಗಿ ಡಿಸಿಇ ರಾಶಿಬೀಳುವ ಚಿತ್ರ ತಾನಾಗಿಯೇ ಬರುತ್ತೆ.

ಹುಳಿ ಎಲ್ಲಿಂದ ಬಂತು? ಪ್ರತಿ ಕ್ಲೋರಿನ್ ಉದುರಿದಾಗ ಒಂದು ಹೈಡ್ರೋಕ್ಲೋರಿಕ್ ಆಮ್ಲ ಬರುತ್ತೆ, ನಿಜ. ಆದರೆ 38 ಮೈಕ್ರೋಮೋಲ್ ಟಿಸಿಇ ಪೂರ್ತಿ ಮುಗಿದರೂ 114 ಮೈಕ್ರೋಮೋಲ್ ಆಮ್ಲ. ಕ್ಷಾರೀಯತೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 100 ಮಿ.ಗ್ರಾಂ ಇದ್ದರೂ ಅದು 2,000 ಮೈಕ್ರೋ ಈಕ್ವಿವಲೆಂಟ್, ಅಂದರೆ ಅಷ್ಟು ಮೈಕ್ರೋಮೋಲ್ ಆಮ್ಲ ತಡೆಯುವ ಶಕ್ತಿ, ಆ ಆಮ್ಲವನ್ನು ನುಂಗಿ ನೀರು ಕುಡಿಯುತ್ತೆ. ಹುಳಿ ಬರೋದು ಉಣಿಸಿನ ಹುದುಗುವಿಕೆಯಿಂದ. ಲ್ಯಾಕ್ಟೇಟ್ ಹೆಚ್ಚಿಸಿದರೆ ಹುಳಿ ಹೆಚ್ಚುತ್ತೆ ಅನ್ನೋದು ಇಲ್ಲಿಯ ತೊಡಕು. ಆದ್ದರಿಂದ ಮೊದಲು ಪಿಎಚ್, ಆಮೇಲೆ ಉಣಿಸು.

ಸೋಡಾ ಬೈಕಾರ್ಬೊನೇಟ್ ಸುರಕ್ಷಿತ, ಎಷ್ಟು ಹಾಕಿದರೂ 8.3ರ ಹತ್ತಿರವೇ ನಿಲ್ಲುತ್ತೆ. ಸುಣ್ಣ ಬೇಡ, ಬಿಟ್ಟ ಜಾಗದಲ್ಲಿ ಪಿಎಚ್ 12 ದಾಟಿ ಇದ್ದಬದ್ದ ಬ್ಯಾಕ್ಟೀರಿಯಾವೂ ಸಾಯುತ್ತೆ. ಮೆಗ್ನೀಷಿಯಂ ಹೈಡ್ರಾಕ್ಸೈಡಿನ ಗಂಜಿ ನಿಧಾನವಾಗಿ ಕರಗಿ ಬಹಳ ದಿನ ಕೆಲಸ ಮಾಡುತ್ತೆ, ಆದರೆ ಕಣ ದೂರ ಹೋಗಲ್ಲ. ಪ್ರಮಾಣವನ್ನು ನೀರು ಮಾತ್ರ ನೋಡಿ ಲೆಕ್ಕ ಹಾಕಬೇಡಿ, ಮಣ್ಣಿಗೂ ಹುಳಿ ಅಂಟಿರುತ್ತೆ. ಆ ಪದರದ ಮಣ್ಣು 50 ಗ್ರಾಂ, ಅಲ್ಲಿಯದೇ ನೀರು 100 ಮಿ.ಲೀ. ಬಾಟಲಿಗೆ ಹಾಕಿ ಸ್ವಲ್ಪ ಸ್ವಲ್ಪ ಬೈಕಾರ್ಬೊನೇಟ್ ಸೇರಿಸಿ ಅಲ್ಲಾಡಿಸಿ, ಪ್ರತಿ ಸಲ ಒಂದು ದಿನ ಬಿಟ್ಟು ಅಳೀರಿ. ತಕ್ಷಣ ಅಳೆದರೆ 7 ತೋರಿಸುವ ಬಾಟಲಿ ಮರುದಿನ 6.3ಕ್ಕೆ ಬಂದಿರುತ್ತೆ.

ಅದರ ಜೊತೆಗೇ ಜೀನ್ ಎಣಿಕೆ ಮಾಡಿಸಿ. 0.22 ಮೈಕ್ರಾನ್ ಫಿಲ್ಟರ್ ಮೂಲಕ ಬಾವಿಯ ಹತ್ತಿರವೇ 1 ಲೀಟರ್ ಹಾಯಿಸಿ, ಕಟ್ಟಿಕೊಂಡರೆ ಎಷ್ಟು ಹೋಯಿತು ಅಂತ ಫಿಲ್ಟರಿನ ಮೇಲೇ ಬರೆದು ಐಸಿನಲ್ಲಿಟ್ಟು ಕಳಿಸಿ. ಡೀಹ್ಯಾಲೋಕಾಕಾಯ್ಡಿಸ್ ಒಟ್ಟು ಎಣಿಕೆ ಸಾಲದು, ವಿಸಿಆರ್‌ಎ ಮತ್ತು ಬಿವಿಸಿಎ ಜೀನ್ ಕೇಳಿ. ವಿನೈಲ್ ಕ್ಲೋರೈಡನ್ನು ಎಥಿಲೀನ್ ಮಾಡುವ ಕಿಣ್ವ ಅವುಗಳದ್ದು. ಟಿಸಿಇಎ ಜೀನ್ ಮಾತ್ರ ಇರುವ ತಳಿಗಳು ವಿನೈಲ್ ಕ್ಲೋರೈಡಿನಲ್ಲಿ ತಡವರಿಸುತ್ತವೆ. ಲೀಟರಿಗೆ 1 ಕೋಟಿ ಮೇಲಿದ್ದರೆ ಉಪಯೋಗಕ್ಕೆ ಬರುವ ವೇಗ ಸಿಗುತ್ತೆ. ಕೆಲವು ಸಾವಿರ ಮಾತ್ರ ಇದ್ದು, ಪಿಎಚ್ ಸರಿಯಾದ ಮೇಲೂ ಏರದಿದ್ದರೆ ಕಲ್ಚರ್ ತರಿಸಬೇಕು.

ರಾಗಿಕಣಜ

ಮಧ್ಯೆ ಬಂದಿದ್ದಕ್ಕೆ ಕ್ಷಮೆ ಇರಲಿ. ಸೆಪ್ಟಿಕ್ ಟ್ಯಾಂಕ್, ಎಸ್‌ಟಿಪಿಗೆ ಅಂತ ಕಿಲೋ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಪುಡಿ ಸಿಗುತ್ತಲ್ಲ, ಅದನ್ನು ಬಿಟ್ಟರೆ ಆಗಲ್ವಾ? ಪೆಟ್ರೋಲ್ ಬಂಕಿನ ಸೋರಿಕೆಗೆ ಗಾಳಿ ಊದಿ ಸರಿ ಮಾಡ್ತಾರೆ ಅಂತಾರೆ, ಇಲ್ಲೂ ಗಾಳಿ ಊದಬಾರದೇಕೆ?

ಅಣುಜೀವಿ

ಒಳ್ಳೆಯ ಪ್ರಶ್ನೆ, ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಬ್ಯಾಕ್ಟೀರಿಯಾಗೆ ಪೆಟ್ರೋಲಿನ ಬೆಂಜೀನ್ ಅನ್ನ. ಟಿಸಿಇ ಅದಕ್ಕೆ ಅನ್ನ ಅಲ್ಲ, ಉಸಿರು. ಅನ್ನ ಇರುವ ಕಡೆ ಉಸಿರು ಕೊಡಬೇಕು, ಅದಕ್ಕೇ ಗಾಳಿ. ಉಸಿರು ಇರುವ ಕಡೆ ಅನ್ನ ಕೊಡಬೇಕು, ಅದಕ್ಕೇ ಲ್ಯಾಕ್ಟೇಟ್. ಟಿಸಿಇ ಇರುವಲ್ಲಿ ಗಾಳಿ ಊದಿದರೆ ಎಲ್ಲರೂ ಆಮ್ಲಜನಕ ಉಸಿರಾಡ್ತಾರೆ, ಟಿಸಿಇ ಕಡೆ ತಿರುಗಿಯೂ ನೋಡಲ್ಲ, ಡೀಹ್ಯಾಲೋಕಾಕಾಯ್ಡಿಸ್ ಸಾಯುತ್ತೆ.

ಬೆಂಜೀನ್‌ಗೂ ಗಾಳಿ ಸುಲಭದ ಮಾತಲ್ಲ. 1 ಗ್ರಾಂ ಬೆಂಜೀನ್ ಸುಡಲು 3.1 ಗ್ರಾಂ ಆಮ್ಲಜನಕ ಬೇಕು. ಗಾಳಿ ತಾಗಿದ ನೀರಿನಲ್ಲಿ ಕರಗೋದೇ ಲೀಟರಿಗೆ 8 ಮಿ.ಗ್ರಾಂ, ಅದರಿಂದ 2.6 ಮಿ.ಗ್ರಾಂ ಬೆಂಜೀನ್ ಮುಗಿಯುತ್ತೆ ಅಷ್ಟೇ. ಅದಕ್ಕೇ ಅಲ್ಲಿ ಸತತವಾಗಿ ಊದ್ತಾರೆ, ಇಲ್ಲವೇ ಸಲ್ಫೇಟ್ ಕೊಡ್ತಾರೆ, 1 ಗ್ರಾಂಗೆ 4.6 ಗ್ರಾಂ. ಟಿಸಿಇಗೆ ಶತ್ರುವಾದ ಸಲ್ಫೇಟ್ ಅಲ್ಲಿ ಔಷಧಿ. ಗಾಳಿಯಿಲ್ಲದೆಯೂ ಕಚ್ಚಾ ತೈಲ ತಾನಾಗಿ ಕರಗುತ್ತಾ ಹೋಗೋದನ್ನು ಅಮೆರಿಕದ ಮಿನ್ನೆಸೋಟಾದ ಬೆಮಿಜಿಯಲ್ಲಿ 1979ರಲ್ಲಿ ಪೈಪ್‌ಲೈನ್ ಒಡೆದ ಜಾಗದಲ್ಲಿ ದಶಕಗಳಿಂದ ಅಳೀತಿದ್ದಾರೆ. ಕಬ್ಬಿಣ ಉಸಿರಾಡುವವರು, ಮೀಥೇನ್ ಮಾಡುವವರು ಅಲ್ಲಿ ಕೆಲಸ ಮಾಡ್ತಿದ್ದಾರೆ.

ಪುಡಿಯಲ್ಲಿ ಬರೋದು ಹೆಚ್ಚಾಗಿ ಬೆಸಿಲಸ್ ಬೀಜಕಗಳು. ಅನ್ನ, ಜಿಡ್ಡು, ಮಲ ಕೊಳೆಸೋಕೆ ಅವು ಸರಿ. ಡಿಸಿಇಯ ಕ್ಲೋರಿನ್ ಕೀಳುವ ಕಿಣ್ವ ಅವುಗಳಲ್ಲಿಲ್ಲ. ಡೀಹ್ಯಾಲೋಕಾಕಾಯ್ಡಿಸ್ ಒಣಗಿಸಿದ ಪುಡಿಯಾಗಿ ಬರಲ್ಲ. ಸ್ಟೀಲ್ ಕೆಗ್‌ನಲ್ಲಿ (ಸಣ್ಣ ಪೀಪಾಯಿ) ದ್ರವವಾಗಿ, ನೈಟ್ರೋಜನ್ ಒತ್ತಡದಲ್ಲಿ ಬರುತ್ತೆ.

ತೂಬು

ಕೆಗ್ ಬಂದ ದಿನ ಏನು ಮಾಡಬೇಕು ಅಂತ ಹೇಳಿಬಿಡ್ತೀನಿ, ಇಲ್ಲೇ ಹೆಚ್ಚು ಕೆಡೋದು.

ಎಷ್ಟು ಬೇಕು ಅನ್ನೋದು ಸುಲಭ. ಕಲ್ಲುನೀರು ಅವರ 1,25,000 ಲೀಟರಿಗೆ ಲೀಟರಿಗೆ 1 ಕೋಟಿ ಗುರಿ ಇಟ್ಟರೆ ಒಟ್ಟು 1,25,000 ಕೋಟಿ ಜೀವಕೋಶ. ಕಲ್ಚರ್ ಲೀಟರಿಗೆ 10,000 ಕೋಟಿ ಇದ್ದರೆ 12.5 ಲೀಟರ್ ಸಾಕು. ಬಂದ ಕಲ್ಚರಿನ ಎಣಿಕೆ ಪತ್ರ ಕೇಳಿ ಪಡೀರಿ, ಹಳೆಯ ಬ್ಯಾಚಿನ ಅಂಕಿ ಒಪ್ಪಬೇಡಿ.

ನೆಲ ಮೊದಲೇ ಸಿದ್ಧವಾಗಿರಬೇಕು: ಆಮ್ಲಜನಕ 0.2 ಮಿ.ಗ್ರಾಂ ಕೆಳಗೆ, ಮೀಟರಿನಲ್ಲಿ ಓಆರ್‌ಪಿ ಮೈನಸ್ 100 ಆಸುಪಾಸು ಇಲ್ಲವೇ ಕೆಳಗೆ, ಪಿಎಚ್ 6.3ಕ್ಕೆ ಮೇಲೆ. ಕಬ್ಬಿಣ ಕರಗಿ ಬರ್ತಿದೆ, ಮೀಥೇನ್ ತಲೆ ಹಾಕಿದೆ ಅಂದರೆ ಸಮಯ ಬಂತು.

ಕಲ್ಚರನ್ನು ಪದರದೊಳಕ್ಕೆ ನೂಕುವ ನೀರು ಒಂದು ವಾರ ಮೊದಲೇ ತಯಾರಾಗಬೇಕು. 1,000 ಲೀಟರ್ ಟ್ಯಾಂಕಿಗೆ ಅದೇ ಜಾಗದ ಬಾವಿ ನೀರು, 1 ಕಿಲೋ ಲ್ಯಾಕ್ಟೇಟ್ ದ್ರಾವಣ, ಸ್ವಲ್ಪ ಬೈಕಾರ್ಬೊನೇಟ್ ಹಾಕಿ ಮುಚ್ಚಿಡಿ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳೇ ಆಮ್ಲಜನಕ ತಿಂದು ಮುಗಿಸ್ತವೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗದೆ ಇದು ಶುರುವಾಗಲ್ಲ. ಆತುರಕ್ಕೆ ಸೋಡಿಯಂ ಸಲ್ಫೈಟ್ ಹಾಕೋರಿದ್ದಾರೆ, 1 ಮಿ.ಗ್ರಾಂ ಆಮ್ಲಜನಕಕ್ಕೆ 8 ಮಿ.ಗ್ರಾಂ. 5 ಮಿ.ಗ್ರಾಂ ಆಮ್ಲಜನಕ ಕಳೆಯಲು 40 ಹಾಕಿದರೆ ಅದು 30 ಮಿ.ಗ್ರಾಂ ಸಲ್ಫೇಟ್ ಆಗಿ ಉಳಿಯುತ್ತೆ. ಬೇಡ, ಒಂದು ವಾರ ಮುಂಚೆ ಎದ್ದುಕೊಳ್ಳಿ.

ಬಿಡುವ ದಿನ: ಮೊದಲು ಆ ನೀರು 200 ಲೀಟರ್ ಬಾವಿಗೆ. ಆಮೇಲೆ ಕೊಳವೆಯೊಳಗೆ ನೈಟ್ರೋಜನ್ ಹಾಯಿಸಿ ಗಾಳಿ ಓಡಿಸಿ. ಕೊಳವೆಯ ತುದಿ ಜಾಲರಿಯ ಮಟ್ಟದಲ್ಲಿ, ನೀರಿನ ಅಡಿಯಲ್ಲಿ ಮುಳುಗಿರಬೇಕು. ಮೇಲಿನಿಂದ ಧಾರೆ ಬಿಟ್ಟರೆ ಬೀಳುವಾಗಲೇ ಗಾಳಿ ಕುಡಿದು ಅರ್ಧ ಸತ್ತಿರುತ್ತೆ. ಕೆಗ್‌ಗೆ ನೈಟ್ರೋಜನ್ ಒತ್ತಡ 1 ಬಾರ್ ಒಳಗೇ ಕೊಟ್ಟು ನಿಧಾನ ಬಿಡಿ. ಪಾರದರ್ಶಕ ಕೊಳವೆಯೇ ಇರಲಿ, ಗುಳ್ಳೆ ಕಂಡರೆ ಎಲ್ಲೋ ಜಾಯಿಂಟ್ ಗಾಳಿ ಎಳೀತಿದೆ ಅಂತ, ನಿಲ್ಲಿಸಿ ಬಿಗಿ ಮಾಡಿ. ಕಲ್ಚರ್ ಇಳಿದ ಮೇಲೆ ಇನ್ನೂ 200 ಲೀಟರ್ ನೂಕುವ ನೀರು, ಇಲ್ಲದಿದ್ದರೆ ಎಲ್ಲ ಬಾವಿಯೊಳಗೇ ಕೂತಿರುತ್ತೆ.

ಆಮೇಲೆ ಡೋವರ್‌ನ 90 ದಿನ. ತಿಂಗಳಾಯ್ತು ಏನೂ ಆಗಿಲ್ಲ ಅಂತ ಪಂಪ್ ಹಾಕಿ ನೀರೆತ್ತೋದು, ಇನ್ನಷ್ಟು ಲ್ಯಾಕ್ಟೇಟ್ ಸುರಿಯೋದು ಮಾಡಬೇಡಿ.

ಕಲ್ಲುನೀರು

ಇದುವರೆಗಿನ ಲೆಕ್ಕ ಮರಳಿಗೆ. ನಮ್ಮ ಬಯಲುಸೀಮೆ ಕಲ್ಲಿನ ನೆಲ, ಮೇಲೆ ಶಿಥಿಲ ಪದರ, ಕೆಳಗೆ ನೈಸ್, ಗ್ರಾನೈಟಿನ ಬಿರುಕು. ಬಿರುಕಿನ ರಂಧ್ರ 25 ಪರ್ಸೆಂಟ್ ಅಲ್ಲ, ಒಂದು ಎರಡು ಪರ್ಸೆಂಟ್ ಇದ್ದರೆ ದೊಡ್ಡದು. ಬಿಟ್ಟ ದ್ರಾವಣ ನೂರಾರು ಮೀಟರ್ ಓಡಿ ನೆರೆಯವರ ಬೋರ್‌ವೆಲ್‌ನಲ್ಲಿ ಏಳಬಹುದು. ಆದ್ದರಿಂದ ಲ್ಯಾಕ್ಟೇಟಿನ ಮಾತು ಎತ್ತುವ ಮೊದಲು ಬ್ರೋಮೈಡ್ ಟ್ರೇಸರ್ ಬಿಟ್ಟು ಎಲ್ಲಿ ಬರುತ್ತೆ, ಎಷ್ಟು ದಿನಕ್ಕೆ ಬರುತ್ತೆ ನೋಡಿ. ಪ್ಯಾಕರ್ (ಬಾವಿಯೊಳಗೆ ಉಬ್ಬಿ ಮೇಲೆ ಕೆಳಗೆ ಮುಚ್ಚುವ ಬಿರಡೆ) ಹಾಕಿ ಬಿರುಕು ಬಿರುಕಿಗೆ ಬೇರೆ ಬೇರೆ ಮಾದರಿ ಹಿಡೀರಿ.

ಟಿಸಿಇ ನೀರಿಗಿಂತ ಭಾರ, ಸಾಂದ್ರತೆ 1.46. ಕರಗದೆ ಉಳಿದದ್ದು ಕೆಳಗೆ ಕೆಳಗೆ ಇಳಿಯುತ್ತೆ. 200, 300 ಮೀಟರ್ ಕೊರೆದು ಮೇಲಿನ ಕೇಸಿಂಗ್ ಬಿಟ್ಟರೆ ಬರಿಗಲ್ಲೇ ಇರುವ ಒಣ ಬೋರ್‌ವೆಲ್ ಅದಕ್ಕೆ ರಾಜಮಾರ್ಗ. ಸುತ್ತಲಿನ ಪಾಳು ಬೋರ್‌ವೆಲ್‌ಗಳನ್ನು ಬೆಂಟೋನೈಟ್, ಸಿಮೆಂಟ್ ಗ್ರೌಟ್ ಹಾಕಿ ತಳದಿಂದ ಮೇಲಕ್ಕೆ ಮುಚ್ಚದೆ ಶುದ್ಧಿಗೆ ಕೈ ಹಾಕೋದು ವ್ಯರ್ಥ. ಇನ್ನು ಬಿರುಕಿನ ಗೋಡೆಯೊಳಗೆ ವರ್ಷಗಟ್ಟಲೆ ಇಂಗಿದ ಟಿಸಿಇ ಬಿರುಕು ಶುದ್ಧವಾದ ಮೇಲೆ ನಿಧಾನ ಹೊರಬರುತ್ತೆ. ಉಣಿಸು ಮುಗಿದ ಆರು ತಿಂಗಳಿಗೆ ಅಂಕಿ ಮತ್ತೆ ಏರಿದರೆ ಅದೇ ಕಾರಣ. ಇಲ್ಲಿ ಎಣ್ಣೆ ಎಮಲ್ಷನ್ ಪರವಾಗಿ ನನ್ನ ಮತ.

ಕರಾವಳಿಯ ಜಂಬಿಟ್ಟಿಗೆ ನೆಲ ಇನ್ನೊಂದು ಥರ. ನೀರು ಮೊದಲೇ ಹುಳಿ, ಪಿಎಚ್ 5ರಿಂದ 6 ಸಾಮಾನ್ಯ, ಕಲ್ಲು ತುಂಬಾ ಫೆರಿಕ್ ಕಬ್ಬಿಣ. ಎರಡು ತೊಡಕೂ ಒಟ್ಟಿಗೆ. ನಮಗೆ ಅನುಕೂಲವಾದದ್ದು ಅಂದರೆ ಉಷ್ಣತೆ, ಅಂತರ್ಜಲ 25 ಡಿಗ್ರಿ ಹತ್ತಿರ ಇರುತ್ತೆ, ಈ ಜೀವಿಗೆ ಅದೇ ಹಿತ.

ಅನುಮತಿ ಇಲ್ಲದೆ ಬಾವಿಗೆ ಏನನ್ನೂ ಬಿಡಬೇಡಿ. 1974ರ ಜಲ ಕಾಯ್ದೆಯ 24ನೇ ಕಲಂ ಬಾವಿಗೂ ಅನ್ವಯ. ಕಲುಷಿತ ತಾಣಗಳ ನಿರ್ವಹಣೆಗೇ 2025ರಲ್ಲಿ ಕೇಂದ್ರದ ನಿಯಮಗಳು ಬಂದಿವೆ. ಯೋಜನೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಮುಂದುವರಿಯಿರಿ.

ಲ್ಯಾಬ್‌ಬೆಂಚು

ಶುದ್ಧಿ ನಡೆಯುವಾಗ ಆ ಸುತ್ತಿನ ಜನ ಏನು ಕುಡೀತಾರೆ ಅನ್ನೋದನ್ನೂ ಯೋಚಿಸಿ. ಆಮ್ಲಜನಕ ಹೋದ ನೀರಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಕರಗುತ್ತೆ, ಕಲ್ಲಿನಲ್ಲಿ ಆರ್ಸೆನಿಕ್ ಇದ್ದರೆ ಅದೂ ಹೊರಬರುತ್ತೆ. ಪ್ರತಿ ಸುತ್ತಲ್ಲೂ ಅವನ್ನು ಅಳೀರಿ. ಕಾಯಿಸಿದರೆ ಸರಿಹೋಗುತ್ತೆ ಅನ್ನೋದು ತಪ್ಪು, ಟಿಸಿಇ ನೀರಿನಿಂದ ಅಡುಗೆಮನೆಯ ಗಾಳಿಗೆ ಬರುತ್ತೆ. ಇದ್ದಿಲಿನ ಫಿಲ್ಟರ್ ಟಿಸಿಇಯನ್ನು ಚೆನ್ನಾಗಿ ಹಿಡಿಯುತ್ತೆ, ವಿನೈಲ್ ಕ್ಲೋರೈಡನ್ನು ಅಷ್ಟಾಗಿ ಹಿಡಿಯಲ್ಲ. ಟಿಸಿಇ ಇದ್ದಾಗ ಹಾಕಿದ ಫಿಲ್ಟರನ್ನೇ ನಂಬಿ ಕೂತರೆ ಬ್ಯಾಕ್ಟೀರಿಯಾ ಕೆಲಸ ಶುರುವಾದ ಮೇಲೆ ಅದು ಕಾಪಾಡಲ್ಲ. ಬೇರೆ ನೀರೇ ಕೊಡಬೇಕು.

ಮೀಥೇನ್ ಗಾಳಿಯಲ್ಲಿ 5 ಪರ್ಸೆಂಟ್ ದಾಟಿದರೆ ಹತ್ತಿಕೊಳ್ಳುತ್ತೆ. ಬಾವಿಯ ಮುಚ್ಚಳ ತೆಗೆಯುವಾಗ ಬೀಡಿ ಬೇಡ, ಪಕ್ಕದಲ್ಲಿ ನೆಲಮಾಳಿಗೆ ಇದ್ದರೆ ಗ್ಯಾಸ್ ಮೀಟರ್ ಇಡಿ.

ಕೆರೆಯಂಗಳ

ಹಾಗಾದರೆ ಕ್ರಮ ಹೀಗೆ ಅಂತ ಬರೆದುಕೊಂಡೆ: ಬಾವಿಯ ಹತ್ತಿರವೇ ಪಿಎಚ್ ಮರು ಅಳತೆ, ಮಣ್ಣಿನ ಬಾಟಲಿ ಪರೀಕ್ಷೆ, ವಿಸಿಆರ್‌ಎ-ಬಿವಿಸಿಎ ಎಣಿಕೆ, ಬೈಕಾರ್ಬೊನೇಟ್, ಆಮೇಲೆ ಸಲ್ಫೇಟ್ ಇಳಿಯುವ ತನಕ ಸಣ್ಣ ಕಂತಿನ ಉಣಿಸು, ಕಡೆಗೆ ಬೇಕಾದರೆ ಕಲ್ಚರ್. ಏನಾದರೂ ಬಿಟ್ಟುಹೋಗಿದೆಯಾ?

ಅಣುಜೀವಿ

ಒಂದಿದೆ. ಕ್ಲೋರೋಫಾರ್ಮ್ ಮತ್ತು 1,1,1-ಟ್ರೈಕ್ಲೋರೋಈಥೇನ್ ಪಟ್ಟಿಯಲ್ಲಿವೆಯಾ ನೋಡಿ. ಜಿಡ್ಡು ತೊಳೆಯುವ ಕಡೆ ಎರಡೂ ದ್ರಾವಕ ಒಂದೇ ಶೆಡ್ಡಿನಲ್ಲಿ ಇದ್ದಿರಬಹುದು. ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆ ಇದ್ದರೂ ಇವು ವಿನೈಲ್ ಕ್ಲೋರೈಡ್ ಹೆಜ್ಜೆಯನ್ನು ಕಟ್ಟಿಹಾಕಬಲ್ಲವು. ಇದ್ದರೆ ಮೊದಲು ಅವನ್ನು ಮುರಿಯುವ ಡೀಹ್ಯಾಲೋಬ್ಯಾಕ್ಟರ್ ಇರುವ ಕಲ್ಚರ್ ಬೇಕಾಗುತ್ತೆ. ಲ್ಯಾಬ್‌ನವರ ವರದಿಯಲ್ಲಿ ಅವು ಇರ್ತವೆ, ಸಾರಾಂಶದ ಪುಟದಲ್ಲಿ ಇರಲ್ಲ. ಹಿಂದಿನ ಪುಟ ತಿರುಗಿಸಿ.

ಕೆರೆಯಂಗಳ

ನೋಡಿ ಅಂಕಿ ಹಾಕ್ತೀನಿ ಮೇಡಂ.